ಜಪಾನಿ ಕ್ಲಾಸಿನ ಕಸಬರಿಗೆ

ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಬುಡದಿಂದಲೇ ಸತ್ತು, ಹುರಿದ ಹುಣಸೆಬೀಜ ಅಂಟಿಸಿದ ಹಾಗೆ ಕರ್ರಗೆ ದಪ್ಪಗಿತ್ತು. ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದಾಗ ಮೇಲಿನಿಂದ ನಟ್ಟು ಬಿಗಿಯುವ ಕಬ್ಬಿಣದ ಪಾನಾ ಜಾರಿ ಬಿದ್ದ ಪೆಟ್ಟು. ಆ ಬೆರಳು ಮಡಚುತ್ತಿರಲಿಲ್ಲವಾದ್ದರಿಂದ ಸೀಮೆಸುಣ್ಣವನ್ನು ಪಕ್ಕದ ಎರಡು ಬೆರಳುಗಳ ನಡುವೆ ಬೀಡಿಯ ಹಾಗೆ ಹಿಡಿಯುತ್ತಿದ್ದರು. ಹಾಗೆ ಹಿಡಿದು ಬೋರ್ಡಿನ ಮೇಲೆ ಒಂದು ಜಪಾನಿ ಅಕ್ಷರ ಬರೆದರೆ, ನಾವು ಪುಸ್ತಕದ ಅಚ್ಚಿನ ಅಕ್ಷರ ಬಿಟ್ಟು ಬೋರ್ಡನ್ನೇ ನೋಡಿ ತಿದ್ದುತ್ತಿದ್ದೆವು.

ಕಲಬುರಗಿಯ ನಮ್ಮ ವಿಶ್ವವಿದ್ಯಾಲಯದ ಭಾನುವಾರದ ಜಪಾನಿ ಕೋರ್ಸಿಗೆ ಅವರು ಮೇಷ್ಟ್ರು. ಓದಿದ್ದು ಹತ್ತನೇ ಇಯತ್ತೆ. ವಾಡಿಯ ಕಾರ್ಖಾನೆಗೆ ಯಂತ್ರ ಕೂಡಿಸಲು ಜಪಾನಿನ ಎಂಜಿನಿಯರುಗಳು ಬಂದಾಗ, ಅವರ ಹಿಂದೆ ಚೀಲ ಹೊತ್ತು ತಿರುಗಲು ಇವರನ್ನು ಹಚ್ಚಿದ್ದರಂತೆ. ಚೀಲ ಹೊರುತ್ತಲೇ ಭಾಷೆ ಹಿಡಿದರು. ಅದನ್ನು ನೋಡಿ ಆ ಎಂಜಿನಿಯರುಗಳೇ ಇವರನ್ನು ಹನ್ನೊಂದು ತಿಂಗಳು ತಮ್ಮ ದೇಶಕ್ಕೆ ಕರೆದುಕೊಂಡು ಹೋಗಿ ಕೆಲಸ ಕಲಿಸಿ ಕಳಿಸಿದರು. ನಿವೃತ್ತರಾಗಿ ಮನೆಯಲ್ಲಿ ಕುಳಿತಿದ್ದವರನ್ನು ವಿಶ್ವವಿದ್ಯಾಲಯದವರು ಹುಡುಕಿಕೊಂಡು ಹೋದದ್ದು ಪ್ರೀತಿಯಿಂದಲ್ಲ. ಈ ಐದಾರು ತಾಲೂಕುಗಳಲ್ಲಿ ಜಪಾನಿ ಬಲ್ಲವರು ಮತ್ತೊಬ್ಬರಿರಲಿಲ್ಲ, ಅಷ್ಟೇ.

ನಮ್ಮದು ಕಾಗಿಣಾ ದಂಡೆಯ ಮನೆತನ. ಅಜ್ಜ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ. ಅಪ್ಪ ಶಹಾಬಾದದ ಪಕ್ಕದ ಭಂಕೂರಿಗೆ ಬಂದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಷ್ ಮಷಿನ್ನಿಗೆ ಸೇರಿದ. ನಾನು ಎಂ.ಎ. ಮುಗಿಸಿ ಎರಡು ವರ್ಷ ಅರ್ಜಿ ಹಾಕಿ ಹಾಕಿ ಸೋತಿದ್ದೆ. ಜಪಾನಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ನಮ್ಮ ಕಡೆಯ ಹುಡುಗಿಯರನ್ನೂ ತೆಗೆದುಕೊಳ್ಳುತ್ತಾರೆ, ಆರಂಭದ ಮಟ್ಟದ ಭಾಷೆ ಗೊತ್ತಿರಬೇಕು, ಕೋರ್ಸಿನ ಸರ್ಟಿಫಿಕೇಟ್ ಇರಬೇಕು ಎಂದು ಯಾರೋ ಹೇಳಿದರು. ಆ ಸರ್ಟಿಫಿಕೇಟಿಗಾಗಿ ನಾನು ಸೇರಿದೆ. ಭಾಷೆಯ ಮೇಲಿನ ಪ್ರೇಮ ಎಂದು ಈಗ ಭಾಷಣಗಳಲ್ಲಿ ಹೇಳುತ್ತೇನೆ, ಅದು ಸುಳ್ಳು.

ಭಾನುವಾರ ಮುಂಜಾನೆಯ ರೈಲಿಗೆ ಅವರು ವಾಡಿಯಲ್ಲಿ ಹತ್ತಿರುತ್ತಿದ್ದರು, ನಾನು ಶಹಾಬಾದದಲ್ಲಿ ಹತ್ತುತ್ತಿದ್ದೆ. ನನ್ನನ್ನು ಕಂಡ ಕೂಡಲೇ ಕಾಲ ಮೇಲಿನ ಚೀಲ ಸರಿಸಿ, "ಬಾ ಯವ್ವಾ, ಕುಂದ್ರು. ಹೇಳು, ಹೊರಗ ಏನ್ ಕಾಣ್ಲಿಕತ್ತದ?" ಅನ್ನುತ್ತಿದ್ದರು. ಕಿಟಕಿಯಾಚೆ ಫರಸಿಯ ರಾಶಿ ಬಂದರೆ ನಾನು "ಇಶಿ" ಅನ್ನಬೇಕು, ತೊಗರಿ ಹೊಲ ಬಂದರೆ "ಹತಾಕೆ". ಎದುರಿಗೆ ಕುಳಿತವರು ಗಂಡು ದೆವ್ವ ಹೆಣ್ಣು ದೆವ್ವ ಮಾತಾಡುವುದನ್ನು ನೋಡಿದಂತೆ ನೋಡುತ್ತಿದ್ದರು. ನಾನು ನಾಚಿ ದನಿ ತಗ್ಗಿಸಿದರೆ ಗದರುತ್ತಿದ್ದರು. "ತಪ್ಪ ಮಾಡು, ಆದ್ರ ಜೋರಾಗಿ ಮಾಡು. ಸಣ್ಣ ದನ್ಯಾಗ ಮಾಡಿದ ತಪ್ಪು ನನಗ ಕೇಳಸೂದಿಲ್ಲ, ಹ್ಯಾಂಗ ತಿದ್ದಲಿ?"

ಹಠಮಾರಿ ಮನುಷ್ಯ. ಕ್ಲಾಸಿನ ಹೊರಗೆ ಚಪ್ಪಲಿ ಬಿಡಬೇಕು, ಬಿಟ್ಟವು ಬಾಗಿಲಿಗೆ ಬೆನ್ನು ಮಾಡಿ ಸಾಲಾಗಿ ನಿಲ್ಲಬೇಕು. ಒಮ್ಮೆ ಕ್ಯಾಂಪಸ್ಸಿನ ನಾಯಿ ಆ ಸಾಲಿನಿಂದ ಅವರದೇ ಒಂದು ಚಪ್ಪಲಿ ಎತ್ತಿಕೊಂಡು ಹೋಯಿತು. "ಸರ್, ಜಪಾನದಾಗ ನಾಯಿ ಇಲ್ಲೇನ್ರಿ?" ಎಂದು ಹಿಂದಿನ ಬೆಂಚಿನವರು ಕೇಳಿದಾಗ, "ಅವ. ಆದ್ರ ಅವು ಹಿಂಗ ಎಂ.ಎ. ಮಾಡಿಲ್ಲ" ಅಂದು ಒಂಟಿ ಚಪ್ಪಲಿ ಚೀಲಕ್ಕೆ ಹಾಕಿಕೊಂಡು ಬರಿಗಾಲಲ್ಲಿ ಸ್ಟೇಷನ್ನಿಗೆ ನಡೆದರು. ಮರುವಾರ ಚಪ್ಪಲಿಗಳು ಮತ್ತೆ ಹೊರಗೇ.

ಚಪ್ಪಲಿಯ ಶಿಸ್ತಿಗೆ ಯಾರೂ ಸಿಟ್ಟಾಗಲಿಲ್ಲ. ಸಿಟ್ಟು ಬಂದದ್ದು ಕಸಬರಿಗೆಗೆ. ಮೂರು ತಾಸಿನ ಕ್ಲಾಸಿನಲ್ಲಿ ಕೊನೆಯ ಹತ್ತು ನಿಮಿಷ ಪಾಠವಿಲ್ಲ. ಜಪಾನಿನ ಶಾಲೆಗಳಲ್ಲಿ ಮಕ್ಕಳೇ ತಮ್ಮ ಕೋಣೆ ಗುಡಿಸಿ ಒರೆಸುತ್ತಾರೆ, ಭಾಷೆ ಕಲಿಯುವವರು ಇದನ್ನೂ ಕಲಿಯಬೇಕು ಎಂದು ಮೊದಲ ವಾರವೇ ಹೇಳಿ, ತಾವೇ ಮನೆಯಿಂದ ಎರಡು ಕಸಬರಿಗೆ, ಒಂದು ಕಟ್ಟು ಹಳೆಯ ಬಟ್ಟೆ ತಂದಿಟ್ಟರು. ಒದ್ದೆ ಬಟ್ಟೆಯ ಮೇಲೆ ಎರಡೂ ಅಂಗೈ ಊರಿ, ಸೊಂಟ ಎತ್ತಿ, ಈ ಗೋಡೆಯಿಂದ ಆ ಗೋಡೆಯವರೆಗೆ ಸಾಲಾಗಿ ಓಡಬೇಕು. ಮೊದಲ ಬಟ್ಟೆ ಹಿಡಿದು ಓಡುವವರು ಅವರೇ. ಅರವತ್ತು ದಾಟಿದ ಮನುಷ್ಯ ನಮಗಿಂತ ಮುಂದಿರುತ್ತಿದ್ದರು. ಮೊದಮೊದಲು ನಾವು ಬಿದ್ದು ಬಿದ್ದು ನಕ್ಕೆವು, ಫೋನಿನಲ್ಲಿ ಚಿತ್ರ ತೆಗೆದುಕೊಂಡೆವು. ಮನೆಯಲ್ಲಿ ಹೇಳಿದರೆ ಅಪ್ಪನೂ ನಕ್ಕ. "ಫರಸಿ ನಾ ಪಾಲಿಷ್ ಮಾಡ್ತೀನಿ, ನೀ ಒರಸ್ತಿ. ಮನಿತನದ ಕಸಬ ಆತು."

ಇದು ಅವರಿಗೆ ಬರೀ ಶಿಸ್ತಲ್ಲ ಎಂಬುದು ನನಗೆ ಗೊತ್ತಿತ್ತು. ಕ್ಲಾಸಿನಲ್ಲಿ ಯಾರಿಗೂ ಹೇಳದ್ದನ್ನು ಒಂದು ದಿನ ರೈಲಿನಲ್ಲಿ ನನಗೆ ಹೇಳಿದ್ದರು. ಅವರದು ಚಿತ್ತಾಪುರದ ಕಡೆಯ ಹಳ್ಳಿ, ಅಪ್ಪನ ಕಾಲಕ್ಕೆ ಬುದ್ಧನ ದಾರಿ ಹಿಡಿದ ಮನೆ. "ನಮ್ಮವ್ವ ಊರ ಸಾಲಿ ಕಸ ಹೊಡಿತಿದ್ದಳು. ಆಕಿ ಒಳಗ ಹೋಗಿ ಕಸ ಹೊಡಿಬಹುದು, ನಾ ಮಾತ್ರ ಕಟ್ಟಿ ಕೆಳಗ ನಿಂತು ಕಾಯಬೇಕು. ಮುಂದ ಜಪಾನಕ್ಕ ಹೋದಾಗ ಒಂದ ಸಾಲಿ ನೋಡಿದ್ನಿ. ಹೆಡ್ ಮಾಸ್ತರನ ಮಗ, ಅಂಗಡ್ಯಾಂವನ ಮಗಳು, ಎಲ್ಲರೂ ಕೂಡಿ ಸಂಡಾಸ ತಿಕ್ಕಲಿಕತ್ತಿದ್ರು, ನಕ್ಕೋತ. ಅವತ್ತ ರೂಮಿಗೆ ಬಂದು ಭಾಳ ಅತ್ತೀನಿ ಯವ್ವಾ." ಇಷ್ಟು ಹೇಳಿ ಮುಖ ಕಿಟಕಿಗೆ ತಿರುಗಿಸಿದರು. ನಾನು ಅಕ್ಷರದ ವಹಿ ತೆಗೆದು ತಿದ್ದುತ್ತ ಕುಳಿತೆ.

ನಾಲ್ಕನೇ ತಿಂಗಳು ಅವರು ಕೋಣೆ ಸಾಲದೆಂದು ಸಂಡಾಸಕ್ಕೂ ಪಾಳಿ ಹಚ್ಚಿದರು. ಅಲ್ಲಿಗೆ ನಗು ನಿಂತಿತು. ಯಾರೋ ತೆಗೆದ ವಿಡಿಯೊ ಊರೂರು ತಿರುಗಿತು. ಮುಂದಿನ ಭಾನುವಾರ ಸೇಡಂ ಕಡೆಯ ಒಬ್ಬ ಹುಡುಗನ ತಂದೆ, ಬಿಳಿ ಅಂಗಿಯ ದೊಡ್ಡ ಮನುಷ್ಯ, ಪಾಠ ನಡೆದಾಗಲೇ ಒಳಗೆ ಬಂದ. ಚಪ್ಪಲಿ ಬಿಡಲಿಲ್ಲ.

"ನಿಮ್ಮ ಮಂದಿ ಕೆಲಸ ನಮ್ಮ ಹುಡುಗರ ಕೈಲೆ ಮಾಡಸ್ತೀರೇನ್ರಿ ಮಾಸ್ತರ?" ಅಂದ. ಗೌರವದ 'ರಿ' ಹಚ್ಚಿಯೇ ಅಂದ, ಅದರಲ್ಲೇ ಇನ್ನಷ್ಟು ವಿಷವಿತ್ತು.

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. "ಇದು ಯಾರ ಮಂದಿ ಕೆಲಸಾನೂ ಅಲ್ರಿ. ಹೊಲಸು ಮಾಡಿದವ್ರ ಕೆಲಸ. ನಾನೂ ಅದರಾಗ ಬಂದೆ, ನೀವೂ ಬಂದ್ರಿ."

"ನನ್ನ ಮಗ ಮಾಡೂದಿಲ್ಲ."

"ಬ್ಯಾಡ್ರಿ. ಆದ್ರ ಪಾಳಿಯಿಂದ ಹೆಸರು ತಗಿಯೂದಿಲ್ಲ. ಅಂವ ಮಾಡದಿದ್ರ ಅವನ ಪಾಳಿ ನಾ ಮಾಡ್ತೀನಿ, ಅಂವ ನಿಂತು ನೋಡಲಿ."

ಈಗಲೂ ನನಗೆ ಅವರ ಮೇಲೆ ಸಿಟ್ಟು ಬರುವುದು ಇಲ್ಲೇ. ಒಂದು ಹೆಸರು ತೆಗೆದಿದ್ದರೆ ಏನಾಗುತ್ತಿತ್ತು? ಸಂಡಾಸ ಬಿಟ್ಟು ಕೋಣೆಗಷ್ಟೇ ನಿಲ್ಲಿಸಿದ್ದರೆ? ಮಾತು ಅಲ್ಲಿಗೆ ಮುಗಿಯುತ್ತಿತ್ತು, ನನಗೆ ಆ ಪರೀಕ್ಷೆ ಬರುತ್ತಿರಲಿಲ್ಲ. ಹೀಗೆ ಯೋಚಿಸುತ್ತೇನೆ, ಆಮೇಲೆ ನನ್ನ ಮೇಲೇ ಹೇಸಿಕೆಯಾಗುತ್ತದೆ.

ದೂರು ಮೇಲೆ ಮುಟ್ಟಿತು, ವಿಭಾಗದ ಮುಖ್ಯಸ್ಥರು ನನ್ನನ್ನು ಕರೆಸಿದರು. ಮೆತ್ತನೆಯ ಮನುಷ್ಯ. ಎದುರಿಗೆ ಕೂರಿಸಿ ಚಹಾ ತರಿಸಿದರು. "ಅವರು ಒಳ್ಳೆಯವರೇ. ಆದರೆ ನೋಡಮ್ಮ, ಡಿಗ್ರಿ ಇಲ್ಲ. ನಾಳೆ ಯಾರಾದರೂ ಪ್ರಶ್ನೆ ಮಾಡಿದರೆ ನಿಮ್ಮ ಸರ್ಟಿಫಿಕೇಟಿಗೇ ಬೆಲೆ ಇರೋದಿಲ್ಲ. ವಿದ್ಯಾರ್ಥಿಗಳೇ ಒಂದು ಅರ್ಜಿ ಕೊಟ್ಟರೆ ನನಗೂ ಅನುಕೂಲ. ನಿನ್ನ ಅಕ್ಷರ ಚೆನ್ನಾಗಿವೆಯಂತಲ್ಲ?"

ಅಕ್ಷರ ಚೆನ್ನಾಗಿದ್ದವು. ಚೆನ್ನಾಗಿ ಮಾಡಿದವರು ಮೇಷ್ಟ್ರು. ಯಾವ ಗೆರೆ ಮೊದಲು, ಯಾವುದು ಆಮೇಲೆ, ಎಲ್ಲಿ ಕೈ ಎತ್ತಬೇಕು ಎಂದು ನಾಲ್ಕು ತಿಂಗಳು ತಿದ್ದಿ ತಿದ್ದಿ, ನನ್ನ ಕನ್ನಡದ ಬರಹವೂ ನೆಟ್ಟಗಾಗಿತ್ತು. ಆ ಕೈಯಿಂದಲೇ ಅರ್ಜಿ ಬರೆದೆ. ಬೋಧಕರಿಗೆ ನಿಗದಿತ ವಿದ್ಯಾರ್ಹತೆ ಇಲ್ಲವೆಂದೂ, ಪಾಠದ ಸಮಯದಲ್ಲಿ ಪಾಠಕ್ಕೆ ಸಂಬಂಧಿಸದ ಕೆಲಸಗಳನ್ನು ಮಾಡಿಸುತ್ತಾರೆಂದೂ ಬರೆದೆ. ಕಸ ಎಂಬ ಶಬ್ದ ಬರೆಯಲಿಲ್ಲ. ಸಂಡಾಸ ಎಂದು ಬರೆಯಲಿಲ್ಲ. ಜಾತಿಯ ಮಾತು ಎಲ್ಲೂ ಇಣುಕಲಿಲ್ಲ. ಅಷ್ಟು ಜಾಣತನ ನನಗಿತ್ತು. ಕೆಳಗೆ ಮೊದಲ ಸಹಿಯೂ ನನ್ನದೇ.

ಎಲ್ಲರೂ ಮಾಡಿದರು, ನಾನೂ ಮಾಡಿದೆ ಎಂದು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ. ಕುಂಚಾವರಂ ಕಾಡಿನ ಕಡೆಯಿಂದ ಬರುತ್ತಿದ್ದ ಒಬ್ಬಳು, ಕನ್ನಡವನ್ನೂ ತೆಲುಗಿನ ರಾಗದಲ್ಲಿ ಆಡುವ ಹುಡುಗಿ, ಕಾಗದವನ್ನು ಓದಿ ನನ್ನ ಕೈಗೇ ವಾಪಸು ಕೊಟ್ಟಳು. "ಅಕ್ಕಾ, ನಂಗ ಆಗಂಗಿಲ್ಲ. ಸರ್ ನಮಗೇನ್ ಅನ್ಯಾಯ ಮಾಡ್ಯಾರ?" ಅಂದಳು. ಆಮೇಲೆ ಕೋರ್ಸನ್ನೇ ಬಿಟ್ಟಳು. ಅವಳಿಗೂ ಆ ಸರ್ಟಿಫಿಕೇಟ್ ಬೇಕಾಗಿತ್ತು.

ಮರುವಾರ ಮೇಷ್ಟ್ರು ಎಂದಿನಂತೆ ಬಂದರು; ರೈಲಿನಲ್ಲಿ ನಾನು ಅಂದು ಬೇರೆ ಡಬ್ಬಿ ಹತ್ತಿದ್ದೆ. ಮುಖ್ಯಸ್ಥರು ಬಾಗಿಲಲ್ಲೇ ತಡೆದು ಅರ್ಜಿಯ ಪ್ರತಿ ಕೈಗಿತ್ತರು. ನಾವೆಲ್ಲ ಒಳಗೆ ಬೆಂಚುಗಳಲ್ಲಿ ಕುಳಿತಿದ್ದೆವು. ಅವರು ಕನ್ನಡಕ ಏರಿಸಿ ನಿಧಾನವಾಗಿ, ಒಂದೊಂದು ಸಾಲಿಗೂ ಬೆರಳಿಟ್ಟು ಓದಿದರು. ಅಷ್ಟು ಹೊತ್ತು ಓದುವಂಥದ್ದು ಅದರಲ್ಲಿರಲಿಲ್ಲ. ಆಮೇಲೆ ಕಾಗದ ಮಡಚಿ, "ಅಕ್ಷರ ಭಾಳ ಛಂದ ಅವ" ಅಂದರು. ಯಾರ ಕಡೆಯೂ ನೋಡಲಿಲ್ಲ. ಮೂಲೆಯಲ್ಲಿದ್ದ ಎರಡು ಕಸಬರಿಗೆ ಎತ್ತಿಕೊಂಡು ಹೊರಟುಹೋದರು.

ಜಪಾನಿನ ಕೆಲಸ ನನಗೆ ಸಿಗಲಿಲ್ಲ. ಎರಡು ಸಲ ಸಂದರ್ಶನದಲ್ಲಿ ಬಿದ್ದೆ. ಆದರೆ ಉಳಿದ ಪಾಠ ಪುಸ್ತಕ ನೋಡಿಯೇ ಮುಗಿಸಿ ಪರೀಕ್ಷೆ ಬರೆದದ್ದಕ್ಕೆ ಸರ್ಟಿಫಿಕೇಟ್ ಸಿಕ್ಕಿತು, ಅದರ ಜೊತೆ ಎಂ.ಎ. ಇತ್ತು. ಭಾಷೆಗೂ ಆ ಎಂ.ಎ.ಗೂ ಏನೂ ಸಂಬಂಧವಿಲ್ಲ, ಆದರೂ ನಿಯಮಕ್ಕೆ ಅದು ಸಾಕಾಯಿತು. ಮುಖ್ಯಸ್ಥರು ಆ ಕ್ಲಾಸನ್ನು ನನಗೇ ಕೊಟ್ಟರು. ಮೇಷ್ಟ್ರು ಕಲಿಸಿದ್ದನ್ನೇ ಅದೇ ಬೋರ್ಡಿನ ಮೇಲೆ ಬರೆದು ಹೊಟ್ಟೆ ಹೊರೆಯುತ್ತಿದ್ದೇನೆ. ಕೋಣೆ ಗುಡಿಸಲು ಒಬ್ಬ ಹೆಂಗಸು ಬರುತ್ತಾಳೆ. ಅವಳು ಬಂದಾಗ ನಾನು ವಿದ್ಯಾರ್ಥಿಗಳಿಗೆ ಕಾಲು ಮೇಲೆತ್ತಿಕೊಳ್ಳಲು ಹೇಳುತ್ತೇನೆ.

ಒಂದು ಭಾನುವಾರ ಅದೇ ರೈಲಿನಲ್ಲಿ ಮೇಷ್ಟ್ರು ಸಿಕ್ಕರು. ದವಾಖಾನೆಗೆ ಹೊರಟಿದ್ದರು, ಕಾರ್ಖಾನೆಯ ಧೂಳು ಎದೆಯಲ್ಲಿ ಕುಳಿತಿತ್ತು, ಉಸಿರು ಸಿಳ್ಳೆ ಹೊಡೆಯುತ್ತಿತ್ತು. ನನ್ನನ್ನು ಕಂಡು ಚೀಲ ಸರಿಸಿದರು. "ಬರ್ರಿ ಮೇಡಂ, ಕುಂದ್ರಿ" ಅಂದರು. ಯವ್ವಾ ಅನ್ನುತ್ತಿದ್ದ ಬಾಯಿ. ನಾನು ಜಪಾನಿಯಲ್ಲಿ ಆರೋಗ್ಯ ವಿಚಾರಿಸಿದೆ. ಅವರು ಕನ್ನಡದಲ್ಲೇ, "ಆರಾಮ ಇದ್ದೀನ್ರಿ. ನೀವು ಆರಾಮೇನ್ರಿ?" ಅಂದು ಕಣ್ಣು ಮುಚ್ಚಿಕೊಂಡರು. ಎರಡು ಏಟು ಹೊಡೆದಿದ್ದರೆ ಚೆನ್ನಾಗಿತ್ತು. ಕಲಬುರಗಿ ಬರುವವರೆಗೆ ಆ 'ರಿ' ಕೇಳುತ್ತ ಕುಳಿತೆ.

ಅವರು ತೀರಿಹೋದ ಸುದ್ದಿ ರೈಲಿನವರಿಂದಲೇ ತಿಳಿಯಿತು. ಐದನೇ ದಿನ ವಾಡಿಗೆ ಹೋದೆ. ಕಾರಣ ಕೇಳಿದರೆ ಹೇಳಲಾರೆ. ಬಾಯಿಬಿಟ್ಟು ತಪ್ಪೊಪ್ಪಿಕೊಳ್ಳಬೇಕೆಂದು ಹೋಗುವಾಗ ಅಂದುಕೊಂಡಿದ್ದೆ. ಬುದ್ಧನ ಪಟದ ಕೆಳಗೆ ಅವರ ಹೆಂಡತಿ ಗೋಡೆಗೊರಗಿ ಕುಳಿತಿದ್ದರು. ನನ್ನ ಗುರುತು ಅವರಿಗಿರಲಿಲ್ಲ.

"ಅವ್ರ ಕಡಿ ಕಲತವ್ರೇನ್ರಿ?"

"ಹೌದ್ರಿ."

ಅವರ ಮುಖ ಅರಳಿತು. ಸೊಸೆಯನ್ನು ಕೂಗಿ ಚಹಾ ಇಡಿಸಿದರು. "ಅಲ್ಲಿಂದ ತಗದ ಮ್ಯಾಲೂ ಐತವಾರ ಬಂತಂದ್ರ ಮುಂಜಾನಿ ಜಳಕ ಮಾಡಿ, ಇಸ್ತ್ರಿ ಅಂಗಿ ಹಾಕ್ಕೊಂಡು ಟೇಶನ್ ತನಕ ಹೋಗ್ತಿದ್ರು. ಗಾಡಿ ಹೋದ ಮ್ಯಾಲ ಮನಿಗೆ ಬರ್ತಿದ್ರು. ನಾ ಬೈತಿದ್ದೆ" ಅಂದರು. ಸೆರಗಿನಿಂದ ಮೂಗು ಒರೆಸಿಕೊಂಡು ಮುಂದುವರಿಸಿದರು. "ಆ ಅರ್ಜಿ ಬರದಾಕಿ ಯಾರು ಅಂತ ಎಷ್ಟ್ ಸಲ ಕೇಳೀನಿ, ಹೇಳಲೇ ಇಲ್ಲ. 'ಬಿಡು, ಆಕಿಗೂ ಹೊಟ್ಟಿ ಅದ' ಅಂದ್ರು, ಅಷ್ಟ. ನಿಮಗೇನರ ಗೊತ್ತದೇನ್ರಿ?"

ಸೊಸೆ ಚಹಾದ ಕಪ್ಪು ನನ್ನ ಕೈಗಿತ್ತಳು. ಬಿಸಿಯಾಗಿತ್ತು.

"ಇಲ್ರೀ ಅಮ್ಮಾ" ಅಂದೆ.

"ಹೋಗ್ಲಿ. ಆ ಕ್ಲಾಸಿನವ್ರು ಯಾರರ ಬರ್ತಾರಂತ ನಾ ಅಂದ್ಕೊಂಡಿದ್ದಿಲ್ಲ. ನೀವರ ಬಂದ್ರಿ. ನಿಮ್ಮಂಥಾಕಿಗೆ ಕಲಸಿದ್ರಲ್ಲ, ಸಾರ್ಥಕ ಆತು." ಹೀಗೆ ಹೇಳಿ ಅವರು ಕೈಚಾಚಿ ನನ್ನ ತಲೆಯ ಮೇಲಿಟ್ಟರು. ನಾನು ತಲೆ ಹಿಂದಕ್ಕೆ ಎಳೆದುಕೊಳ್ಳಲಿಲ್ಲ; ಅವರ ಕೈಗೆ ಚೆನ್ನಾಗಿ ಸಿಗಲೆಂದು ಇನ್ನಷ್ಟು ಬಗ್ಗಿಸಿ ಕೊಟ್ಟೆ.