ಸೂತಕದ ಮನೆಯ ಕಲ್ಲು

ಹೊಸ ಶತಮಾನದ ಮೊದಲ ವರ್ಷಗಳು. ದೇಲಂಪಾಡಿಯ ಗುಡ್ಡದ ಬದಿಯ ಕಾಲೊನಿಯಲ್ಲಿ ಹೆಂಗಸರ ಅಯಲ್‌ಕೂಟ, ಅಂದರೆ ನೆರೆಹೊರೆಯವರ ಗುಂಪು, ಅಂಗನವಾಡಿಯ ಅಂಗಳದಲ್ಲಿ ಸೇರುತ್ತಿತ್ತು. ಹೆಚ್ಚಿನವರಿಗೆ ಓದು ಬಾರದು. ಸಭೆ ಅವರದೇ, ಮಾತು ನಿಂತಲ್ಲಿ ಅದನ್ನು ಮುಂದಕ್ಕೆ ನಡೆಸುವುದಷ್ಟೇ, ಅವರು ಟೀಚರೆಂದು ಕರೆಯುತ್ತಿದ್ದ ನನ್ನ ಕೆಲಸ. ನೆಲದ ಮೇಲೆ ಬೂದಿಯಿಂದ ಕಾಲೊನಿಯ ದಾರಿ, ನೀರು ಹರಿಯುವ ತೋಡು ಎಳೆದು, ಪ್ರತಿಯೊಬ್ಬಳೂ ತನ್ನ ಮನೆಯ ಜಾಗದಲ್ಲಿ ಒಂದು ಕಲ್ಲು ಇಡುವುದು ರೂಢಿ. ಒಬ್ಬಳ ಕಲ್ಲನ್ನು ಇನ್ನೊಬ್ಬಳು ಇಡುವಂತಿಲ್ಲ. ಈ ನಿಯಮ ನಾನು ಹೇಳಿದ್ದೋ ಅವರೇ ಮಾಡಿಕೊಂಡದ್ದೋ, ಈಗ ಖಚಿತವಿಲ್ಲ.

ಆ ದಿನ ತೀರ್ಮಾನವಾಗಬೇಕಿದ್ದದ್ದು ಪಂಚಾಯತಿನವರು ಕೊಡುವ ಒಂದೇ ನೀರಿನ ನಳ್ಳಿ ಎಲ್ಲಿ ಬರಬೇಕೆಂಬುದು. ಮರುದಿನವೇ ಗ್ರಾಮಸಭೆ. ಕಲ್ಲುಗಳೆಲ್ಲ ಕೆಳಗೆ, ರಸ್ತೆಯ ಹತ್ತಿರ ಗುಂಪಾದವು. ಮೇಲಿನ ತುದಿ ಖಾಲಿ. ಅಲ್ಲಿನ ಮನೆಯವಳಿಗೆ ಫಿಟ್ಸ್ ಬರುವ ಮಗಳಿದ್ದಳು, ಒಂಟಿಯಾಗಿ ಬಿಡುವಂತಿರಲಿಲ್ಲ. ತಾಯಿ ನೀರಿಗೆ ಹೋದಾಗ ಅವಳ ಅತ್ತೆ ಹುಡುಗಿಯನ್ನು ನೋಡಿಕೊಳ್ಳುತ್ತಿದ್ದರು. ಆ ಅತ್ತೆ ಅದೇ ವಾರ ತೀರಿಕೊಂಡಿದ್ದರು.

“ಮೇಲಿನ ಮನೆಯ ಕಲ್ಲು ಎಲ್ಲಿ?” ಎಂದು ಕೇಳಿದೆ.

“ಅವಳಿಗೆ ಸೂತಕ ಅಲ್ವಾ ಟೀಚರೇ. ಬರುವ ಹಾಗಿಲ್ಲ.”

“ಇವತ್ತೊಂದು ದಿನ ನಿಯಮ ಬಿಟ್ಟು ನೀವು ಯಾರಾದರೂ ಇಡಿ.”

“ಸೂತಕದ ಮನೆಯನ್ನು ಮುಟ್ಟುದಾ? ಓದಿ ಓದಿ ನಿಮ್ಮ ಮಂಡೆ ಹಾಳಾಗಿದೆ,” ಎಂದರು ಕೂಟದ ಅಧ್ಯಕ್ಷೆ. ಎಲ್ಲರೂ ನಕ್ಕರು. ಹಿಂದೆ ಕುಳಿತಿದ್ದ ಒಬ್ಬ ಅಜ್ಜಿ ಮಾತ್ರ, “ನೀರು ಬೇಕಾದ್ದು ಅವಳಿಗೇ ಅಲ್ವಾ ಮಾರಾಯ್ತಿ,” ಎಂದರು.

“ಸೂತಕ ಕಳೀಲಿ, ಅವಳೇ ಇಡ್ತಾಳೆ,” ಎಂದರು ಅಧ್ಯಕ್ಷೆ.

ಕಲ್ಲು ಹೆಚ್ಚಿದ್ದಲ್ಲಿಗೆ, ನಳ್ಳಿ ಕೆಳಗೆಂದೇ ತೀರ್ಮಾನವಾಯಿತು. ನನ್ನ ಡೈರಿಯಲ್ಲಿ ಆ ದಿನ ‘ಚರ್ಚೆ ಚೆನ್ನಾಗಿ ನಡೆಯಿತು’ ಎಂದಿದೆ. ಅಜ್ಜಿಯ ಮಾತು ಅಲ್ಲಿಲ್ಲ. ಆಮೇಲೆ ನೆನಪಿನಲ್ಲಿ ನಾನೇ ಸೇರಿಸಿಕೊಂಡೆನೋ ಏನೋ.

ಸೂತಕ ಕಳೆದ ಮೇಲೆ ಅವಳು ಬಂದಳು, ಮೇಲಿನ ತುದಿಯಲ್ಲಿ ಕಲ್ಲು ಇಟ್ಟಳು. “ನಳ್ಳಿ ಸ್ವಲ್ಪ ಮೇಲೆ ತರ್ಲಿಕ್ಕೆ ಆಗುದಿಲ್ವಾ?” ಎಂದು ಕೇಳಿದಳು.

“ಗ್ರಾಮಸಭೆಯಲ್ಲಿ ಪಾಸಾಗಿ ಹೋಯ್ತಲ್ಲ,” ಎಂದರು ಅಧ್ಯಕ್ಷೆ. “ನಾವು ಸರದಿಯಲ್ಲಿ ಒಂದೊಂದು ಕೊಡಪಾನ ನೀರು ತಂದು ಕೊಡುವ.”

ತಂದು ಕೊಟ್ಟರು ಕೂಡ. ಬೇಸಿಗೆಯಲ್ಲಿ ನಳ್ಳಿಯಲ್ಲಿ ನೀರು ಬರುವುದೇ ಅಪರೂಪವಾದಾಗ ಸರದಿ ನಿಂತಿತು. ಅವಳು ಸಭೆಗೆ ಬರುವುದೂ ನಿಂತಿತು.

ಅವಳನ್ನು ನೋಡಲು ಮನೆಗೆ ಹೋದೆ. ಹುಡುಗಿಯನ್ನು ಹಳೆಯ ಸೀರೆಯ ತುಂಡಿನಿಂದ ಜಗಲಿಯ ಕಂಬಕ್ಕೆ ಕಟ್ಟಲಾಗಿತ್ತು. ಕೊಡಪಾನ ಹೊತ್ತು ಏದುಸಿರು ಬಿಡುತ್ತ ಬಂದ ತಾಯಿ ಮೊದಲು ಆ ಗಂಟು ಬಿಚ್ಚಿದಳು.

“ಎಂತ ಮಾಡುದು ಟೀಚರೇ? ಬಿಟ್ಟರೆ ಒಲೆ ಹತ್ರ ಹೋಗ್ತಾಳೆ.”

ಸಭೆಗೆ ಬಂದು ಇದನ್ನು ಹೇಳು ಎಂದೆ.

“ಸಭೆಗೆ ಬರುವಾಗಲೂ ಕಟ್ಟಬೇಕಲ್ಲ,” ಎಂದಳು.

ಮುಂದಿನ ಸಭೆಯಲ್ಲಿ ದಾರಿದೀಪದ ವಿಷಯ. ಬೂದಿ ಎಳೆದರು, ಕಲ್ಲುಗಳನ್ನಿಟ್ಟರು. ಮೇಲಿನ ತುದಿಯಲ್ಲಿ ಕಲ್ಲಿರಲಿಲ್ಲ; ಈಗ ಸೂತಕವೂ ಇರಲಿಲ್ಲ. ಆ ಜಗಲಿಯಲ್ಲಿ ನಾನು ಕಂಡದ್ದನ್ನು ಹೇಳಿದೆ. ಅದು ಎಲ್ಲರಿಗೂ ಮೊದಲೇ ಗೊತ್ತಿತ್ತು.