ಬಿಳಿ ಬಣ್ಣದ ಕೆಳಗಿನ ಕೆಂಪು

ನಮ್ಮ ಚಿಕ್ಕಮ್ಮನಿಗೆ ಮನೆಯವರೆಲ್ಲ ಸೇರಿ ಇಟ್ಟ ಹೆಸರು ಸ್ಯಾಂಡ್‌ಪೇಪರ್. ಕೈಯೂ ಹಾಗೇ, ಮಾತೂ ಹಾಗೇ. ಮೇಜು ಕುರ್ಚಿ ಮಾಡುವ ಕಾರ್ಖಾನೆಯೊಂದರ ಬಣ್ಣದ ವಿಭಾಗದಲ್ಲಿ ಅರ್ಧ ಆಯುಸ್ಸು ಸವೆಸಿದವಳು. ಮದುವೆಯ ಮಾತೆತ್ತಿದವರನ್ನೆಲ್ಲ ಚೆನ್ನಾಗಿ ಉಜ್ಜಿ ವಾಪಸ್ಸು ಕಳಿಸಿದವಳು. ಕಾರ್ಖಾನೆ ಬಾಗಿಲು ಹಾಕಿದಾಗ ಅವಳ ಅಣ್ಣ, ಅಂದರೆ ನನ್ನ ಸೋದರಮಾವ, ನಮ್ಮ ಮನೆಯಲ್ಲೇ ಬಂದು ಇರು ಎಂದ. ಒಂದು ಪೆಟ್ಟಿಗೆ ಬಟ್ಟೆ, ಒಂದು ಚೀಲ ಬ್ರಷ್ಷು ಹಿಡಿದು ಹೋದಳು. ನಾನು ಯಾರ ಕಡೆ ಎಂದು ಮೊದಲೇ ಹೇಳಿಬಿಡುತ್ತೇನೆ, ಚಿಕ್ಕಮ್ಮನ ಕಡೆ. ಮಾವನ ಹೆಂಡತಿಗೆ, ನನ್ನ ಅತ್ತೆಗೆ, ಇಲ್ಲಿ ನ್ಯಾಯ ಸಿಗುತ್ತದೆ ಎಂದು ಯಾರೂ ಕಾಯಬೇಡಿ.

ಆ ಮನೆ ಆಗ ಹೇಗಿತ್ತೆಂದರೆ, ಕೂತರೆ ಕುರ್ಚಿ ಕಿರುಗುಟ್ಟುತ್ತಿತ್ತು, ಎದ್ದರೆ ಬಟ್ಟೆಗೆ ಸಿಬಿರು ಅಂಟುತ್ತಿತ್ತು. ಅಡುಗೆಮನೆಯ ಕಪಾಟಿನ ಜಿಡ್ಡಿನಲ್ಲಿ ಬೆರಳಿಟ್ಟರೆ ಬೆರಳು ಅಲ್ಲೇ ಉಳಿಯುವಂತಿತ್ತು. ಚಿಕ್ಕಮ್ಮ ಸುಮ್ಮನೆ ಕೂರುವ ಜೀವವಲ್ಲ. ಸೋಪಿನ ನೀರಿನಲ್ಲಿ ಕಪಾಟು ತೊಳೆದು, ಉಜ್ಜಿ, ಎಳೆ ಹಸಿರು ಬಳಿದಳು. ಕುರ್ಚಿಗಳ ಕೀಲಿಗೆ ಅಂಟು ಹಾಕಿ, ಹಗ್ಗದಿಂದ ಬಿಗಿದಿಟ್ಟು, ಒಂದೊಂದಕ್ಕೆ ಒಂದೊಂದು ಬಣ್ಣ ಕೊಟ್ಟಳು. ಹಳೆಯ ಪರದೆ ದಿಂಬಿನ ಚೀಲವಾಯಿತು. ಜಾಮ್ ಬಾಟಲಿಗಳು ಸೆಣಬಿನ ದಾರ ಸುತ್ತಿಕೊಂಡು ಚಮಚಗಳಿಗೆ ಮನೆಯಾದವು. ಮುರಿದ ಏಣಿ ಗೋಡೆಗೊರಗಿ ಟವೆಲ್ ಹಿಡಿದು ನಿಂತಿತು. ಬಂದವರೆಲ್ಲ ಹೊಸ್ತಿಲಲ್ಲೇ ನಿಂತು ಬಾಯಿ ಬಿಡತೊಡಗಿದರು.

ಬಾಯಿ ಬಿಟ್ಟವರಿಗೆಲ್ಲ ಅತ್ತೆ, ಎಲ್ಲ ನಾನೇ ಮಾಡಿದ್ದು ಎಂದು ಹೇಳತೊಡಗಿದಳು. ಮೊದಮೊದಲು ಮೆಲ್ಲಗೆ, ಆಮೇಲೆ ಚಿಕ್ಕಮ್ಮನ ಎದುರೇ. ಮಾವನನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಇಬ್ಬರೂ ಸೇರಿ ಏನೋ ಮಾಡ್ತಾರಪ್ಪ ಎನ್ನುತ್ತಿದ್ದ. ಸುದ್ದಿ ಹಬ್ಬಿ, ಮನೆ ಅಲಂಕಾರದ ಪತ್ರಿಕೆಯೊಂದರಿಂದ ಫೋಟೋ ತೆಗೆಯುವ ಹುಡುಗಿ ಬಂದಳು. ಅತ್ತೆ ಹೊಸ ಬಟ್ಟೆ ಉಟ್ಟು, ಒಣ ಬ್ರಷ್ಷು ಹಿಡಿದು, ಹಸಿರು ಕಪಾಟಿನ ಮುಂದೆ ನಿಂತಳು. ಬ್ರಷ್ಷನ್ನು ಸೌಟಿನ ಹಾಗೆ ಹಿಡಿದಿದ್ದಳು. ಫೋಟೋದವಳು ಮೂಲೆಯಲ್ಲಿ ನಿಂತಿದ್ದ ಚಿಕ್ಕಮ್ಮನನ್ನು ನೋಡಿ, ಇವರು ಯಾರು ಎಂದು ಕೇಳಿದಳು.

"ನಮ್ಮ ನಾದಿನಿ. ಫ್ಯಾಕ್ಟರಿ ಮುಚ್ಚಿಹೋಯ್ತಲ್ಲ, ಪಾಪ. ನಮ್ಮನೇಲೇ ಬಿಟ್ಟಿ ಇದಾಳೆ."

ಹೇಳಿ ನಕ್ಕಳು. ಮಾವನೂ ನಕ್ಕ, ಅದನ್ನು ನಾನು ಇನ್ನೂ ಮರೆತಿಲ್ಲ. ಚಿಕ್ಕಮ್ಮ ಒಳಗೆ ಹೋಗಿ ಪಾತ್ರೆ ತೊಳೆದಳು. ಅಂದು ಅಲ್ಲಿಗೆ ಬಂದಿದ್ದ ನಾನು ಹಿಂದೆಯೇ ಹೋಗಿ, ನೀನು ಯಾಕೆ ಬಾಯಿಗೆ ಬೀಗ ಹಾಕಿಕೊಂಡೆ ಎಂದು ರೇಗಿದೆ. ಅವಳು ತಿರುಗಿಯೂ ನೋಡಲಿಲ್ಲ. ಇಲ್ಲಿ ಬಿಟ್ಟಿ ಯಾವುದು ಅಂತ ಅವಳ ಬಾಯಲ್ಲೇ ಹೇಳಿಸ್ತೀನಿ, ನೋಡ್ತಿರು ಎಂದಳು. ಸಿಟ್ಟಿಗೆದ್ದರೆ ಕೂಗುವವಳು ಅಂದು ಅಷ್ಟು ತಣ್ಣಗೆ ಮಾತಾಡಿದ್ದು ನೋಡಿ ನನಗೆ ಅತ್ತೆಯ ಮೇಲೆ ಒಂದು ಗಳಿಗೆ ಕನಿಕರವೇ ಬಂತು. ಒಂದೇ ಗಳಿಗೆ.

ಪತ್ರಿಕೆಯಲ್ಲಿ ಫೋಟೋ ಬಂದದ್ದೇ ತಡ, ಅತ್ತೆಯ ತಲೆ ಮೋಡಕ್ಕೆ ತಾಗಿತು. ಬೀದಿಯ ಹೆಂಗಸರಿಗೆ ಹಳೆಯ ಸಾಮಾನಿಗೆ ಬಣ್ಣ ಹೊಡೆಯುವ ಕ್ಲಾಸು ನಡೆಸುತ್ತೇನೆ, ಫೀಸು ಇರುತ್ತದೆ ಎಂದು ಸಾರಿಬಿಟ್ಟಳು. ಬಾಯಿ ತನ್ನದು, ಕೈ ನಾದಿನಿಯದು ಎಂಬುದು ಅವಳ ಲೆಕ್ಕ. ಅದಕ್ಕೆ ಮುಂಚೆ ಊಟದ ಟೇಬಲ್ಲಿಗೆ ಬಿಳಿ ಬಣ್ಣ ಆಗಬೇಕು ಎಂದಳು. ಆ ಟೇಬಲ್ಲಿನ ಮುಂದೆ ಚಿಕ್ಕಮ್ಮ ಒಂದು ದಿನವೂ ಕೂತು ಉಂಡವಳಲ್ಲ. ಎಲ್ಲರಿಗೂ ಬಡಿಸಿ, ಆಮೇಲೆ ಅಡುಗೆಮನೆಯ ಸ್ಟೂಲಿನ ಮೇಲೆ ಅವಳ ಊಟ.

ಅವಳು ಒಪ್ಪಿಕೊಂಡಳು. ಅತ್ತೆ ತವರಿಗೆ ಹೋಗಿದ್ದಾಗ ಟೇಬಲ್ಲನ್ನು ಅಂಗಳಕ್ಕೆ ಹಾಕಿ ಉಜ್ಜಿದಳು. ನಾನೂ ಇದ್ದೆ. ಉಜ್ಜಿ ಮುಗಿದ ಮೇಲೆ ಬ್ರಷ್ಷಿನ ಚೀಲದಿಂದ ಒಂದು ದಪ್ಪ ಕೆಂಪು ಪೆನ್ನು ತೆಗೆದಳು. ಕಾರ್ಖಾನೆಯಲ್ಲಿ ಕೆಟ್ಟ ಹಲಗೆಗೆ ಗುರುತು ಹಾಕುವ ಪೆನ್ನು ಅದು. ಆ ಗುರುತಿನ ಮೇಲೆ ಮೊದಲು ಅರಗು ಕರಗಿಸಿದ ಪಾಲಿಶ್ ಬಳಿಯಬೇಕಂತೆ. ಬಳಿಯದೆ ನೇರ ಬಣ್ಣ ಹೊಡೆದರೆ, ಎಷ್ಟು ಕೋಟ್ ಕೊಟ್ಟರೂ ಕೆಂಪು ನಿಧಾನವಾಗಿ ಮೇಲೆ ಬರುತ್ತದಂತೆ. ಹೊಸದಾಗಿ ಸೇರಿದವರೆಲ್ಲ ಅಲ್ಲಿ ಮಾಡುತ್ತಿದ್ದ ತಪ್ಪು. ಚಿಕ್ಕಮ್ಮ ಅದನ್ನೇ ಬೇಕೆಂದು ಮಾಡಿದಳು. ಅತ್ತೆ ಕೂರುವ ಜಾಗದಲ್ಲಿ, ತಟ್ಟೆ ಇಡುವ ಕಡೆ, ದುಂಡಗೆ ಮೂರಕ್ಷರವೂ ಇಲ್ಲದ ಆ ಮಾತು ಬರೆದಳು: ಬಿಟ್ಟಿ. ಅರಗಿನ ಡಬ್ಬಿ ಪಕ್ಕದಲ್ಲೇ ಇತ್ತು, ಮುಚ್ಚಳ ತೆಗೆಯಲಿಲ್ಲ. ಕೋಟಿನ ಮೇಲೆ ಕೋಟು ಬಿಳಿ ಹೊಡೆದಳು. ಮಾತು ಮುಚ್ಚಿಹೋಯಿತು.

"ಕೆಂಪು ಮಲಗಿದೆ ಅಷ್ಟೇ, ಸತ್ತಿಲ್ಲ" ಎಂದಳು.

ಟೇಬಲ್ಲಿಗೆ ನೀಲಿ ಅಂಚಿನ ದಪ್ಪ ಹೊದಿಕೆಯನ್ನೂ ಹೊಲಿದುಕೊಟ್ಟಳು. ಕಲೆ ಆದೀತು, ಕ್ಲಾಸಿನ ದಿನದವರೆಗೆ ತೆಗೆಯಬೇಡಿ ಎಂದು ಅತ್ತೆಗೆ ಹೇಳಿದಳು. ಅತ್ತೆಗೆ ಖುಷಿಯೋ ಖುಷಿ. ಚಿಕ್ಕಮ್ಮ ಮಾತ್ರ ಅನ್ನ ಬೆಂದಿತೇ ಎಂದು ಮುಚ್ಚಳ ಸರಿಸಿ ನೋಡುವವರ ಹಾಗೆ ದಿನಾ ಬೆಳಿಗ್ಗೆ ಹೊದಿಕೆಯ ಅಂಚು ಎತ್ತಿ ನೋಡುತ್ತಿದ್ದಳು.

ಕ್ಲಾಸಿನ ದಿನ ದರ್ಜಿಯ ಹೆಂಡತಿ, ಬ್ಯಾಂಕಿನಾಕೆ, ಎದುರು ಮನೆಯ ಟೀಚರಮ್ಮ, ಇನ್ನೂ ಕೆಲವರು ಬಂದು ಕೂತರು. ನಾನೂ ಬಿಡಲಿಲ್ಲ, ಬಂದಿದ್ದೆ. ಅತ್ತೆ ಭಾಷಣ ಶುರು ಮಾಡಿದಳು. ಈ ಟೇಬಲ್ಲನ್ನು ತಾನೊಬ್ಬಳೇ ಉಜ್ಜಿದೆ, ತಾನೊಬ್ಬಳೇ ಬಣ್ಣ ಹೊಡೆದೆ, ಬೇರೆ ಯಾರ ಕೈಯನ್ನೂ ಹತ್ತಿರ ಸೇರಿಸಲಿಲ್ಲ ಎಂದಳು. ಹೇಳಿ, ಗತ್ತಿನಿಂದ ಹೊದಿಕೆ ಎಳೆದಳು.

ಮಾತು ಎದ್ದು ಬಂದಿತ್ತು. ಗುಲಾಬಿ ಬಣ್ಣದಲ್ಲಿ, ಅಂಗೈಯಗಲ, ತಪ್ಪಿಲ್ಲದೆ ಓದಬಹುದಾದಷ್ಟು. ದರ್ಜಿಯ ಹೆಂಡತಿ ಬಗ್ಗಿ, ಅಕ್ಷರ ಕೂಡಿಸಿಕೊಂಡು, ಗಟ್ಟಿಯಾಗಿಯೇ ಓದಿದಳು. ಅತ್ತೆಯ ಮುಖ ಟೇಬಲ್ಲಿಗಿಂತ ಬಿಳಿಯಾಯಿತು. ಇದನ್ನು ಯಾರು ಬರೆದದ್ದು ಎಂದು ಚಿಕ್ಕಮ್ಮನ ಕಡೆ ತಿರುಗಿದಳು.

"ನೀವೊಬ್ರೇ ಹೊಡೆದಿದ್ದು ಅಂದ್ರಲ್ಲ ಅತ್ತಿಗೆ. ಆಗ ಟೇಬಲ್ ಹತ್ರ ಬೇರೆ ಯಾರಿದ್ರು?"

ನುಂಗಲೂ ಆಗದು, ಉಗುಳಲೂ ಆಗದು. ಅತ್ತೆ ಸುತ್ತಲೂ ನೋಡಿದಳು, ಬೆವರು ಒರೆಸಿಕೊಂಡಳು. ಆಮೇಲೆ ಹಲ್ಲು ಕಿರಿದು, ನಾನೇ ಬರೆದದ್ದು, ಕ್ಲಾಸು ಬಿಟ್ಟಿ ಅಂತ ಎಲ್ಲರಿಗೂ ಗೊತ್ತಾಗಲಿ ಎಂದು ಬರೆದೆ ಎಂದುಬಿಟ್ಟಳು. ಹೆಂಗಸರು ಚಪ್ಪಾಳೆ ತಟ್ಟಿದರು. ಫೀಸು ಹೋಯಿತು. ನಾನು ಕೆಮ್ಮು ಬಂದವಳ ಹಾಗೆ ಬಾಯಿ ಮುಚ್ಚಿಕೊಂಡೆ.

ಟೀಚರಮ್ಮ ತಾನು ತಂದಿದ್ದ ಹಳೆಯ ಸ್ಟೂಲನ್ನು ಮುಂದೆ ಇಟ್ಟು, ಮೊದಲು ಏನು ಮಾಡಬೇಕು ಎಂದು ಕೇಳಿದಳು. ಅತ್ತೆ ಡಬ್ಬಿಗಳನ್ನು ನೋಡಿದಳು. ಒಂದರ ಮುಚ್ಚಳ ಎತ್ತಿದಳು, ಮುಚ್ಚಿದಳು. ಕಡೆಗೆ ಚಿಕ್ಕಮ್ಮನ ಕಿವಿಯ ಹತ್ತಿರ ಬಂದು, ಏನು ಮಾಡಬೇಕು ಹೇಳೇ ಎಂದು ಪಿಸುಗುಟ್ಟಿದಳು. ಚಿಕ್ಕಮ್ಮ ಪಿಸುಗುಟ್ಟಲಿಲ್ಲ.

"ಬಿಟ್ಟಿ ಹೇಳ್ಕೊಡಲ್ಲ ಅತ್ತಿಗೆ. ಈ ಮನೆಗೆ ಬಣ್ಣ ಹೊಡೆದಿದ್ದು ಯಾರು ಅಂತ ಇವರಿಗೆ ಹೇಳಿ. ಆಮೇಲೆ ಹೇಳ್ಕೊಡ್ತೀನಿ."

ಮಾವ ಬಾಗಿಲಲ್ಲಿ ಬಂದು ನಿಂತಿದ್ದ, ಈ ಸಲ ನಗಲಿಲ್ಲ. ಅತ್ತೆ ನೆಲ ನೋಡುತ್ತ, ಇವಳೇ ಎಂದಳು. ಜೋರಾಗಿ ಹೇಳಿ ಎಂದಳು ಚಿಕ್ಕಮ್ಮ.

"ಇವಳೇ ಮಾಡಿದ್ದು. ಎಲ್ಲಾ ಇವಳೇ."

ಚಿಕ್ಕಮ್ಮ ಕುರ್ಚಿ ಎಳೆದು, ಆ ಟೇಬಲ್ಲಿನ ಮುಂದೆ ಮೊದಲ ಸಲ ಕೂತಳು. ಸ್ಟೂಲು ಇಲ್ಲಿ ಕೊಡಿ ಎಂದಳು. ಅಂದು ನನ್ನ ಹೊಟ್ಟೆ ಎಷ್ಟು ತಣ್ಣಗಾಯಿತೆಂದರೆ, ರಾತ್ರಿ ಊಟವೇ ಬೇಡವಾಯಿತು.

ಈಗ ಚಿಕ್ಕಮ್ಮನಿಗೆ ತನ್ನದೇ ಒಂದು ಬಾಡಿಗೆ ಕೋಣೆಯಿದೆ. ಕ್ಲಾಸೂ ಅಲ್ಲೇ, ಫೀಸೂ ಅವಳದೇ. ಅತ್ತೆ ಆ ಟೇಬಲ್ಲಿಗೆ ಮತ್ತೆ ಮತ್ತೆ ಬಿಳಿ ಬಳಿಯುತ್ತಾಳೆ, ಕೆಂಪು ಮತ್ತೆ ಮತ್ತೆ ಎದ್ದು ಬರುತ್ತದೆ. ಅದನ್ನು ಹೋಗಲಾಡಿಸುವುದು ಹೇಗೆ ಎಂದು ಮಾವ ಬಂದು ಕೇಳಿಹೋದ. ಅರಗಿನ ಡಬ್ಬಿ ಅವನ ಕಣ್ಣೆದುರಿಗೇ ಕಿಟಕಿಯಲ್ಲಿತ್ತು. ತನಗೆ ಗೊತ್ತಿಲ್ಲ ಅಂದುಬಿಟ್ಟಳು ಚಿಕ್ಕಮ್ಮ. ಅತ್ತೆ ಉಣ್ಣುವಾಗ ತಟ್ಟೆ ಅದನ್ನು ಮುಚ್ಚಿರುತ್ತದೆ. ಉಂಡು ತಟ್ಟೆ ಎತ್ತಿದ ಕೂಡಲೇ ಓದಲೇಬೇಕು.