ಸೀಸದ ಮಾಡಿನ ಕೆಳಗೆ ಉಪ್ಪಾಗೆ

ಮಗಳು ಬಾಣಂತನಕ್ಕೆ ಬರುತ್ತಾಳೆ, ಅಷ್ಟರೊಳಗೆ ಮಾಡು ಸೋರುವುದು ನಿಲ್ಲಬೇಕು ಎಂದು ಅಕ್ಕ ಫೋನ್ ಮಾಡಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಸಾಗರದಲ್ಲಿ ನನ್ನದು ತಗಡಿನ ಕೆಲಸದ ಅಂಗಡಿ. ಹರೆಯದಿಂದ ಊರವರ ಮಾಡು ಹತ್ತಿ ಇಳಿದು ಮಂಡಿ ಸವೆಸಿಕೊಂಡವನು ನಾನು. ಸ್ವಂತ ಅಕ್ಕನ ಮನೆ ಸೋರುತ್ತಿದೆ ಎನ್ನುವುದು ನನಗೇ ಕೊನೆಗೆ ಗೊತ್ತಾಗಬೇಕೆ?

“ಇಷ್ಟು ವರ್ಷ ಎಂತ ಮಾಡ್ತಿದ್ದೆ ಮಾರಾಯ್ತಿ?” ಎಂದೆ.

“ಬಕೆಟ್ ಇಡ್ತಿದ್ದೆ. ನಮ್ಗೆ ಬಕೆಟ್ ಸಾಕು. ಕೂಸು ಮಲಗಿಸೋ ಜಾಗದಲ್ಲಿ ಬಕೆಟ್ ಇಡಕ್ಕಾಗ್ತದಾ?”

ಅಂಗಡಿಗೆ ಬಾಗಿಲು ಹಾಕಿದೆ. ಸಾಮಾನು ಕಟ್ಟಿಕೊಂಡು ಹೊರಟೆ.

ಅಕ್ಕನ ಮನೆ ಹೊಸನಗರ ದಾಟಿ ನಗರ ಎಂಬ ಊರಿನ ದಾರಿಯಲ್ಲಿದೆ. ಬಾವನ ಅಪ್ಪ ಗೇಣಿಗೆ ಮಾಡುತ್ತಿದ್ದ ಗದ್ದೆ ಅವರ ಹೆಸರಿಗೇ ಆದಮೇಲೆ, ಗದ್ದೆಯಂಚಿನಲ್ಲಿದ್ದ, ಜಮೀನೊಡೆಯರ ಹಳೆಯ ಕಚೇರಿಮನೆಯನ್ನೂ ಕೊಂಡುಕೊಂಡರಂತೆ. ಸುತ್ತಲಿನ ಮನೆಗಳಿಗೆಲ್ಲ ಹಂಚು. ಇದರ ಅಡುಗೆಮನೆಗೂ ಅದಕ್ಕೆ ತಾಗಿದ ಕೋಣೆಗೂ ಮಾತ್ರ ಹಲಗೆ ಬಡಿದು, ಮೇಲೆ ಸೀಸದ ತಗಡು ಹೊದೆಸಿದ್ದರು. ಯಾವ ಪುಣ್ಯಾತ್ಮನಿಗೆ ಆ ಬುದ್ಧಿ ಬಂತೋ. ಬಾವನನ್ನು ಕೇಳಿದರೆ, ನಗರದ ಕೋಟೆಯಲ್ಲಿ ಸಿಕ್ಕ ಗುಂಡು ಕರಗಿಸಿ ಮಾಡಿದ ಸೀಸ ಅದು ಎನ್ನುತ್ತಿದ್ದರು. ಇಷ್ಟಗಲದ ಮಾಡಿಗೆ ಸಾಲುವಷ್ಟು ಗುಂಡು ಕೋಟೆಯಲ್ಲಿ ಉಳಿದಿದ್ದರೆ ಕೋಟೆ ಬೀಳುತ್ತಲೇ ಇರಲಿಲ್ಲ ಎಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ. ಬಾವ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವರಿಗೆ ಆ ಮಾಡು ಅಂದರೆ ಮುಖದ ಮೇಲಿನ ಮೀಸೆ ಇದ್ದ ಹಾಗೆ.

ಬಾಣಂತಿಗೆ ಆ ಕೋಣೆಯೇ ಆಗಬೇಕು ಎಂದು ಅಕ್ಕ ಹಟ ಹಿಡಿದದ್ದಕ್ಕೆ ಕಾರಣವಿತ್ತು. ಪಕ್ಕದ ಅಡುಗೆಮನೆಯ ಒಲೆಯ ಕಾವು ಗೋಡೆ ದಾಟಿ ಬರುತ್ತದೆ, ಗಾಳಿ ಹೊಡೆಯುವುದಿಲ್ಲ. ಅಕ್ಕ ಹೆತ್ತು ಮಲಗಿದ್ದು ತವರಿನಲ್ಲಿ, ನಮ್ಮ ಮನೆಯಲ್ಲಿ. ಅವಳ ಮಗಳು ಬೆಳೆದದ್ದು ಈ ಕೋಣೆಯಲ್ಲಿ. ತೀರ್ಥಹಳ್ಳಿಗೆ ಮದುವೆಯಾಗಿ ಹೋದ ಆ ಹುಡುಗಿ ಎಷ್ಟೋ ಕಾಲ ಕಾದು ಬಸುರಾಗಿದ್ದಳು. ಚೊಚ್ಚಲು ಬೇರೆ. ಅಕ್ಕ ಹಳೇ ಸೀರೆ ಹರಿದು ಮೆತ್ತಗೆ ಒಗೆದು ಮಡಚಿಡುವುದಕ್ಕೆ ಆಗಲೇ ಶುರು ಮಾಡಿದ್ದಳು. ಬೆರಳಿಗೆ ಹಿಡಿತ ಸಾಲದೆ ಮಡಿಕೆ ಜಾರುತ್ತಿತ್ತು, ಕೇಳಿದರೆ ವಯಸ್ಸಾಯ್ತಲ್ಲ ಎನ್ನುತ್ತಿದ್ದಳು.

ಮಾಡು ಹತ್ತಿ ನೋಡಿದೆ. ಬಾವನ ಕೈಚಳಕ ಎಲ್ಲೆಲ್ಲೂ ಎದ್ದು ಕಾಣುತ್ತಿತ್ತು. ಎಲ್ಲಿ ಅನುಮಾನ ಬಂದರೂ ಡಾಂಬರು ಬಳಿದಿದ್ದರು. ಬಳಿಯದ ಜಾಗಗಳಲ್ಲಿ ತಗಡು ಬೂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿಯೇ ಕಂಡಿತು. ಸೀಸ ಮೇಲ್ಗಡೆಯಿಂದ ಅಷ್ಟು ಸುಲಭಕ್ಕೆ ಹಾಳಾಗುವ ವಸ್ತುವಲ್ಲ. ಕೆಳಗಿನ ಅಂಚಿನಿಂದ ಶುರು ಮಾಡಿ, ಒಂದೊಂದೇ ಪಟ್ಟಿಗೆ ನೀರು ಸುರಿಯುತ್ತ ಮೇಲೆ ಹೋದೆ. ಅಟ್ಟದ ಕೆಳಗೆ ನಿಂತ ಬಾವ “ಇಲ್ಲ, ಇಲ್ಲ” ಎಂದು ಕೂಗುತ್ತಲೇ ಇದ್ದರು. ಡಾಂಬರು ಹಾಕಿದ ಎರಡು ಕಡೆ ಸ್ವಲ್ಪ ಜಿನುಗಿತು, ಅಷ್ಟೇ. ಬಕೆಟ್ ತುಂಬುವಂಥ ಸೋರಿಕೆ ಎಲ್ಲಿಂದ ಎನ್ನುವುದು ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಎದ್ದಾಗ ಹೊರಗೆ ಮಂಜು. ಮಳೆ ನಿಂತು ಎಷ್ಟೋ ಕಾಲವಾಗಿತ್ತು, ನಾನು ಸುರಿದ ನೀರೂ ಆರಿಹೋಗಿತ್ತು. ಆದರೂ ಕೋಣೆಯ ಮೂಲೆಯಲ್ಲಿ ತೊಟ್ಟಿಕ್ಕುತ್ತಿತ್ತು.

“ನೋಡಿದ್ಯಾ? ಮಳೆ ಇಲ್ದೇ ಸೋರ್ತದೆ,” ಎಂದರು ಬಾವ, ಅದೂ ಕೋಟೆಯ ಗುಂಡಿನ ಮಹಿಮೆಯೇ ಎಂಬ ಹಾಗೆ.

“ಮಹಾಮಾಯೆ ನಿಮ್ಮ ಮಾಡು. ಏಣಿ ಹಿಡ್ಕೊಳ್ಳಿ,” ಎಂದು ಅಟ್ಟ ಹತ್ತಿದೆ.

ಬಿದಿರಿನ ತಟ್ಟಿ ಹಾಸಿದ ಅಟ್ಟ ಅದು. ಅಡುಗೆಮನೆಯ ಒಲೆಯ ಹೊಗೆ ನೇರ ಅಲ್ಲಿಗೇ ಬರುತ್ತದೆ. ಹುಣಸೆಯ ಬದಲು ಸಾರಿಗೆ ಹಾಕುವ ಹುಳಿಹಣ್ಣು ಉಪ್ಪಾಗೆ, ಮಳೆಗಾಲದಲ್ಲಿ ಹಣ್ಣಾಗುವ ಅದಕ್ಕೆ ಬಿಸಿಲೆಲ್ಲಿ ಸಿಗಬೇಕು? ಕಾಡಿನಿಂದ ತಂದು, ಬೀಜ ತೆಗೆದು, ಹೊಗೆಯ ಮೇಲೆಯೇ ಒಣಗಿಸುತ್ತಾರೆ. ಅಕ್ಕ ಅದಕ್ಕೆ ಉಪ್ಪು ಸವರಿ ವರ್ಷವಿಡೀ ಅಟ್ಟದಲ್ಲೇ ಇಡುತ್ತಿದ್ದಳು. ಅವಳ ಉಪ್ಪಾಗೆ ಹಾಕಿದ ಮೀನುಸಾರು ಉಂಡವರು ಕೈ ನೆಕ್ಕಿಕೊಂಡೇ ಏಳಬೇಕು. ನೆಂಟರಿಷ್ಟರು ಬಂದರೆ ಒಂದು ಪೊಟ್ಟಣ ಕಟ್ಟಿಕೊಡದೆ ಕಳಿಸಿದವಳಲ್ಲ. ತಲೆಯೆತ್ತಿ ನೋಡಿದರೆ ಹಲಗೆಗಳ ಸಂದಿಯಲ್ಲಿ ನೀರಿನ ಹನಿ ಸಾಲುಗಟ್ಟಿತ್ತು. ಒಲೆಯ ಹಬೆ, ಹುಳಿಯ ಆವಿ ಎಲ್ಲ ಮೇಲೇರಿ, ಚಳಿಗೆ ತಣ್ಣಗಾದ ತಗಡಿನ ಹೊಟ್ಟೆಗೆ ತಾಗಿ ನೀರಾಗಿ ಇಳಿಯುತ್ತಿತ್ತು. ಮಳೆ ಇಲ್ಲದೆ ಸೋರುವ ಮಾಡಿನ ಗುಟ್ಟು ಇಷ್ಟೇ.

ಹಾಗಾದರೆ ಗಾಳಿ ಆಡುವುದಕ್ಕೆ ಕಿಂಡಿ ಬಿಟ್ಟು, ಜಿನುಗುವ ಎರಡು ಕಡೆ ಬೆಸುಗೆ ಹಾಕಿದರೆ ಮುಗಿಯಿತು ಎಂದುಕೊಂಡು ಮತ್ತೆ ಮಾಡಿಗೆ ಹೋದೆ. ಡಾಂಬರು ಕೆರೆದು ಬೆಂಕಿ ಹಿಡಿದೆ. ಬೆಸುಗೆ ಹಿಡಿಯಲಿಲ್ಲ. ಸೀಸ ಕರಗಿ ಕೂಡಿಕೊಳ್ಳುವುದರ ಬದಲು ಸುಟ್ಟ ಹಪ್ಪಳದ ಹಾಗೆ ಪುಡಿಯಾಗಿ ಒಳಗೆ ಬಿತ್ತು. ಎಂತ ಕರ್ಮ ಇದು ಎಂದು ಅಂಚಿನ ಮೊಳೆ ಕಿತ್ತು, ಇಡೀ ಪಟ್ಟಿಯನ್ನೇ ಎತ್ತಿ ಮಗುಚಿದೆ.

ಕೆಳಮೈ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಬೆರಳು ಆಡಿಸಿದರೆ ಉದುರುವ ಪುಡಿ. ಪುಡಿಯ ಹಿಂದೆ ತಗಡು ಅನ್ನುವುದು ಹೆಸರಿಗಷ್ಟೇ. ಬಿಸಿಲಿಗೆ ಹಿಡಿದರೆ ಸೂಜಿತೂತುಗಳು. ಮೇಲಿನಿಂದ ಗಟ್ಟಿಮುಟ್ಟು, ಒಳಗಿನಿಂದ ಪೂರ್ತಿ ತಿಂದುಹಾಕಿದೆ. ಯಾವುದು ತಿಂದದ್ದು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ನಮ್ಮಪ್ಪ ಸಾಗರದ ಪೇಟೆಯಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದವನು. ಕಲಾಯಿ ಹೋದ ಪಾತ್ರೆಗೆ ಹುಳಿ ತಾಗಿದರೆ ಏನಾಗುತ್ತದೆ ಎಂದು ನೋಡುತ್ತಲೇ ಬೆಳೆದವರು ನಾನೂ ಅಕ್ಕನೂ. ಆ ಕಾಲದಲ್ಲಿ ಕೆಲವರು ಕಲಾಯಿಯ ತವರಕ್ಕೆ ಸೀಸ ಬೆರೆಸುತ್ತಿದ್ದರು. ಅಪ್ಪನಿಗೆ ಅಂಥವರನ್ನು ಕಂಡರಾಗದು. ಹೊಟ್ಟೆಗೆ ವಿಷ ಬಡಿಸುವ ಕೆಲಸ ಅದು ಎಂದು ಬೀದಿಯಲ್ಲೇ ನಿಂತು ಬೈಯುತ್ತಿದ್ದ.

ತೆರೆದ ಜಾಗದಿಂದ ಕೆಳಗೆ ಅಟ್ಟ ಕಾಣುತ್ತಿತ್ತು. ಹಲಗೆಯ ಸಂದಿಯಲ್ಲಿ ಉದುರಿದ ಬಿಳಿ ಪುಡಿ ತಟ್ಟಿಯ ಮೇಲೆ, ಹರವಿದ ಉಪ್ಪಾಗೆಯ ಮೇಲೆ ತೆಳ್ಳಗೆ ಕೂತಿತ್ತು. ಇಳಿದು ಬಂದು ಅಕ್ಕನನ್ನು ಹಿತ್ತಲಿಗೆ ಕರೆದೆ.

“ಉಪ್ಪಾಗೆ ಮೇಲೆ ಬಿಳಿ ಪುಡಿ ಇದೆಯಲ್ಲ, ಅದು ಎಂತದು ಗೊತ್ತಾ?”

“ಎಂತದು ಅಂದ್ರೆ? ಉಪ್ಪು. ನಾನೇ ಹಾಕಿದ್ದು. ಒಣಗಿದ ಮೇಲೆ ಹೊರಗೆ ಬಿಡ್ತದೆ,” ಎಂದಳು. “ನಿನ್ನ ಉಪ್ಪಾಗೆಗೆ ಉಪ್ಪು ಭಾರಿ ಚಲೋ ಹಿಡೀತದೆ ಅಂತ ಎಲ್ರೂ ಹೇಳ್ತಾರಲ್ಲ.”

ನಾನು ಅಂಗೈ ಬಿಚ್ಚಿ ತಗಡಿನ ಚೂರು ತೋರಿಸಿದೆ. ಅದನ್ನು ಮಗುಚಿ ನೋಡಿದಳು. ಕಲಾಯಿಯವನ ಮಗಳು, ನಾನು ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ. ಹಾಗೆಯೇ ಒಗೆಯುವ ಕಲ್ಲಿನ ಮೇಲೆ ಕೂತಳು.

“ಅಯ್ಯೋ ದೇವ್ರೆ, ಮಗಳಿಗೆ ಭರಣಿ ತುಂಬ ಕಳ್ಸಿದೀನಲ್ಲ ತಮ್ಮ. ಬಸುರಿ ಬಾಯಿಗೆ ಹುಳಿ ಬೇಕು ಅಂದಿದ್ಳು.”

ಹಿಂದೆಯೇ ಬಂದಿದ್ದ ಬಾವ ಏನೋ ಕೋಟೆಯ ಸೀಸ ಎಂದು ಶುರು ಮಾಡಿದರು. “ಸುಮ್ನಿರ್ರಿ ಸಾಕು! ನಿಮ್ಮ ಕೋಟೆಗೆ ಬೆಂಕಿ ಬೀಳ!” ಎಂದು ಅಕ್ಕ ಕೂಗಿದಳು. ಅವಳು ಬಾವನಿಗೆ ಎದುರು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬಾವ ಗೋಡೆಗೆ ಒರಗಿ ನಿಂತರು. ಪಾಪ, ಅವರ ಮುಖ ನೋಡಲಾಗಲಿಲ್ಲ.

ಫೋನಿನಲ್ಲಿ ಮಗಳಿಗೆ ಹುಳಿ ಮುಟ್ಟಬೇಡ ಎಂದಷ್ಟೇ ಹೇಳಿ, ಮೂವರೂ ನನ್ನ ಓಮ್ನಿಯಲ್ಲಿ ತೀರ್ಥಹಳ್ಳಿಗೆ ಹೊರಟೆವು. ಅಲ್ಲಿ ಮಗಳು ಬಾಗಿಲಲ್ಲೇ ನಿಂತಿದ್ದಳು. ಹೊಟ್ಟೆ ಚೆನ್ನಾಗಿ ಮುಂದೆ ಬಂದಿತ್ತು. ಅಕ್ಕ ಒಳಗೆ ಹೋದವಳೇ ಅಡುಗೆಮನೆಯ ನಾಗಂದಿಗೆಯ ಮೇಲಿದ್ದ ಭರಣಿ ಇಳಿಸಿದಳು. ಅರ್ಧ ಖಾಲಿಯಾಗಿತ್ತು. ಭರಣಿಯನ್ನು ಎದೆಗೊತ್ತಿಕೊಂಡು, ಮಗಳ ಅತ್ತೆಯ ಮುಂದೆ ನಿಂತು, ಇದರಲ್ಲಿ ಸೀಸ ಬಿದ್ದಿದೆ, ನನಗೆ ತಿಳಿಯಲಿಲ್ಲ, ನಿಮ್ಮ ಮನೆ ಸೊಸೆಗೆ ನಾನೇ ವಿಷ ಕಳಿಸಿದೆ ಎಂದು ಹೇಳಿಬಿಟ್ಟಳು.

ಆ ಹೆಂಗಸು ಬೈಯುತ್ತಾರೆ ಎಂದೇ ನಾನು ಮೈ ಬಿಗಿಹಿಡಿದು ನಿಂತಿದ್ದೆ. ಬೈದರೆ ಕೇಳಿಸಿಕೊಳ್ಳುವುದು ನಮ್ಮ ಪಾಲಿಗೆ ಇತ್ತು.

“ಕೂತ್ಕೊಳ್ಳಿ ಮೊದ್ಲು. ನೀವೇನು ಬೇಕಂತ ಮಾಡಿದ್ದಾ?” ಎಂದರು ಅವರು. “ನಾನು ಉಪ್ಪಾಗೆನ ನೆನೆಸಿ ಮೊದಲ್ನೇ ನೀರು ಚೆಲ್ತೀನಿ. ನಮ್ಗೆ ಅಷ್ಟು ಉಪ್ಪು ಆಗಲ್ಲ. ಅವಳು ಹಂಗೇ ಬಾಯಿಗೆ ಹಾಕ್ಕೊಂಡಿದ್ದು ಎಷ್ಟೋ ಗೊತ್ತಿಲ್ಲ. ಬನ್ನಿ, ಆಸ್ಪತ್ರೆಗೆ ಹೋಗಣ.”

ಆಸ್ಪತ್ರೆಯ ಡಾಕ್ಟರಮ್ಮ ನಾನು ಹೇಳಿದ್ದನ್ನೆಲ್ಲ ಸಾವಧಾನವಾಗಿ ಕೇಳಿದರು. ಮಗಳ ರಕ್ತ ತೆಗೆಸಿದರು. ಆ ಮನೆಯಲ್ಲಿ ಇರುವವರದ್ದೂ ಬೇಕು ಎಂದು ಅಕ್ಕ, ಬಾವ ಇಬ್ಬರದ್ದೂ ತೆಗೆಸಿದರು. ಪರೀಕ್ಷೆ ಇಲ್ಲಿ ಆಗುವುದಿಲ್ಲ, ಹೊರಗೆ ಕಳಿಸಬೇಕು, ಕಾಯಬೇಕು ಎಂದರು.

ಕಾಯುವ ದಿನಗಳಲ್ಲಿ ನಾನು ಮಾಡಿನ ಕೆಲಸಕ್ಕೆ ಬಿದ್ದೆ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತಿತ್ತು. ಅಕ್ಕನನ್ನೂ ಬಾವನನ್ನೂ ನೆರೆಮನೆಗೆ ಕಳಿಸಿ, ಮೂಗಿಗೆ ಮಾಸ್ಕ್ ಕಟ್ಟಿ, ಪುಡಿ ಏಳದ ಹಾಗೆ ನೀರು ಚಿಮುಕಿಸುತ್ತ ಸೀಸವನ್ನು ಪಟ್ಟಿ ಪಟ್ಟಿಯಾಗಿ ಸುತ್ತಿ ಇಳಿಸಿದೆ. ತೇಪೆ ಹಾಕಿ ಉಳಿಸುವ ಮಾತೇ ಇರಲಿಲ್ಲ. ಹುಳಿ ಕುಡಿದ ಹಲಗೆಗಳನ್ನೂ ಕಿತ್ತೆ. ತಟ್ಟಿ, ಚಾಪೆ, ಉಪ್ಪಾಗೆ ಎಲ್ಲವನ್ನೂ ಒದ್ದೆ ಮಾಡಿ ಚೀಲಕ್ಕೆ ತುಂಬಿ ಬಾಯಿ ಹೊಲಿದೆ. ಗೋಡೆಗಳನ್ನು ಒದ್ದೆಬಟ್ಟೆಯಲ್ಲಿ ಒರೆಸಿ ಒರೆಸಿ ತೊಳೆದೆ. ಹೊಸ ಪಕಾಸಿನ ಮರ ಕೂರಿಸಿ, ಹಬೆ ಹೊರಹೋಗಲು ಮೇಲೆ ದಾರಿ ಬಿಟ್ಟು ಹಂಚು ಹೊದೆಸಿದೆ. ಬಾವ ದಿನವೂ ಬಂದು ಅಂಗಳದಲ್ಲೇ ನಿಂತು ಹಂಚು ಎತ್ತಿಕೊಡುತ್ತಿದ್ದರು. ಕೋಟೆಯ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದು ನನಗೇ ಅನ್ನಿಸಿತು. ಅಕ್ಕ ಅತ್ತ ನೆರೆಮನೆಯಲ್ಲಿ ಕೂತು, ಪೊಟ್ಟಣ ಕೊಟ್ಟವರಿಗೆಲ್ಲ ಫೋನ್ ಮಾಡಿದಳು. ಕೆಟ್ಟಿದೆ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಅವಳು ಸೀಸ ಎಂದೇ ಹೇಳಿದಳು, ರಕ್ತ ತೋರಿಸಿಕೊಳ್ಳಿ ಎಂದೂ ಹೇಳಿದಳು.

ಕರೆ ಬಂದಾಗ ಮತ್ತೆ ತೀರ್ಥಹಳ್ಳಿಗೆ ಹೋದೆವು. ಮಗಳೂ ಅವಳ ಅತ್ತೆಯೂ ಬಾವನೂ ಹೊರಗೆ ಬೆಂಚಿನ ಮೇಲೆ ಕೂತರು. ಡಾಕ್ಟರಮ್ಮನ ಮುಂದೆ ನಾನೂ ಅಕ್ಕನೂ.

“ಮಗಳದ್ದು ಹೆದರೋ ಮಟ್ಟದಲ್ಲಿ ಇಲ್ಲ. ಮತ್ತೊಂದು ಸಲ ನೋಡೋಣ, ಆದರೆ ಮಗುವಿಗೆ ತೊಂದರೆ ಆಗೋ ಹಾಗೆ ಕಾಣಲ್ಲ. ನಿಮ್ಮ ಯಜಮಾನರದ್ದೂ ಪರವಾಗಿಲ್ಲ,” ಎಂದರು ಡಾಕ್ಟರಮ್ಮ.

ಅಕ್ಕ ಎರಡೂ ಕೈ ಎತ್ತಿ ಮುಗಿದು ಎದ್ದೇಬಿಟ್ಟಳು.

“ಕೂತ್ಕೊಳ್ಳಿ ಅಮ್ಮ, ನಿಮ್ಮದು ಹೇಳೋದಿದೆ.”

“ನಂದು ಎಂತಕ್ಕೆ ಡಾಕ್ಟ್ರೆ? ಅವಳದ್ದು ಸರಿ ಇದೆಯಲ್ಲ,” ಎಂದು ನಗುತ್ತ, ಕಣ್ಣೊರೆಸಿಕೊಳ್ಳುತ್ತ ಬಾಗಿಲು ದಾಟಿ ಹೋದಳು.

ಕುರ್ಚಿಯಲ್ಲಿ ಉಳಿದವನು ನಾನು. ಅಕ್ಕನ ಮೈಯಲ್ಲಿ ಸೀಸ ಬಹಳ ಇದೆ, ಆ ಅಟ್ಟದ ಕೆಳಗಿನ ಒಲೆಯ ಮುಂದೆ ವರ್ಷಗಟ್ಟಲೆ ಕೂತು ಸೇರಿದ್ದು, ದೊಡ್ಡ ಆಸ್ಪತ್ರೆಗೆ ಬೇಗ ಕರೆದುಕೊಂಡು ಹೋಗಬೇಕು, ಔಷಧಿ ಇದೆ, ಆದರೆ ಕೈಕಾಲಿಗೆ ಆದ ಹಾನಿ ಎಷ್ಟು ಸುಧಾರಿಸುತ್ತದೆ ಎಂದು ಈಗಲೇ ಹೇಳಲಾಗದು ಎಂದರು. ಕೇಳುತ್ತ ಕೇಳುತ್ತ ನನಗೆ ಅಳು ಬಂತು. ಆ ವಯಸ್ಸಿನಲ್ಲಿ ಡಾಕ್ಟರ ಮೇಜಿನ ಮುಂದೆ ಅತ್ತುಬಿಟ್ಟೆ, ಏನು ಮಾಡಲಿ.

ಹೊರಗೆ ಬಂದು ನೋಡಿದರೆ ಬೆಂಚು ಖಾಲಿ. ಎಲ್ಲರೂ ಎದುರಿನ ಹೋಟೆಲಿನಲ್ಲಿದ್ದರು. ಮಗಳ ಮುಂದೆ ಬಿಸಿ ಬನ್ಸ್. ಅಕ್ಕ ಅದನ್ನು ಚೂರು ಮುರಿದು ಅವಳ ಬಾಯಿಗಿಡುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಮೇಜಿನ ಕೆಳಗೆ ನನ್ನ ಕೈ ಹಿಡಿದು, ಯಾರಿಗೂ ಕೇಳಿಸದ ಹಾಗೆ ಹೇಳಿದಳು:

“ನಂಗೆ ಗೊತ್ತು ತಮ್ಮ. ಅವಳು ತಿಂದು ಮುಗಿಸ್ಲಿ, ಆಮೇಲೆ ಹೇಳು.”